ಎಂಟು ಅನ್ನಬಾರದ ಮನೆ

ಕೆಲವು ಕೂಸುಗಳು ದಿನ ತುಂಬುವ ಮೊದಲೇ ಯಾಕೆ ಹುಟ್ಟುತ್ತವೆ ಎಂದು ಸಂಶೋಧನೆ ಮಾಡುವ ಮೇಡಂ ಒಬ್ಬರು ಶಲವಡಿಗೆ ಬಂದಿದ್ದರು. ಊರಿನ ಆಶಾ ಕಾರ್ಯಕರ್ತೆಯಾದ ನಾನೇ ಅವರನ್ನು ಮನೆಮನೆಗೆ ಕರೆದೊಯ್ದೆ.

ನೀಲವ್ವಜ್ಜಿಯ ತೊಡೆಯ ಮೇಲೆ ಇಪ್ಪತ್ತು ದಿನದ ಮೊಮ್ಮಗ ಮಲಗಿದ್ದ. ಇನ್ನೂ ಸರಿಯಾಗಿ ಹಾಲು ಎಳೆಯುತ್ತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಎಂಟು ತಿಂಗಳಿಗೆ ಹೆರಿಗೆ ಎಂದಿತ್ತು. ಅಜ್ಜಿ ಮಾತ್ರ, “ಏಳರಾಗ ಹುಟ್ಟೈತ್ರಿ,” ಎಂದು ಪಟ್ಟು ಹಿಡಿದಳು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮ ಕಡೆಯ ಹಳಬರು ನಂಬುತ್ತಾರೆ. ಎಂಟು ಎಂದು ಬಾಯಿಬಿಟ್ಟು ಹೇಳುವುದಕ್ಕೂ ಅಜ್ಜಿಗೆ ಭಯ.

“ತಿಂಗಳು ತಪ್ಪಾದರೆ ನಮ್ಮ ಕೆಲಸವೆಲ್ಲ ತಪ್ಪಾಗುತ್ತೆ ಅಜ್ಜಿ. ನಾನೂ ಎಂಟರಲ್ಲೇ ಹುಟ್ಟಿದವಳು, ನೋಡಿ, ಚೆನ್ನಾಗಿಲ್ವಾ?” ಎಂದರು ಮೇಡಂ.

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮವ್ವ ಶಾಣ್ಯಾಕಿ. ಮಂದಿ ಮುಂದ ಏಳು ಅಂತ ಹೇಳಿರತಾಳ. ಅದಕ್ಕ ಉಳದೀರಿ.”

ಅಷ್ಟು ಓದಿದ ಮೇಡಂ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಬಾಯಿಲೆ ಏಳು ಅನ್ರಿ, ಹಾಳಿ ಮ್ಯಾಲ ಎಂಟು ಬರೀರಿ,” ಎಂದು ನಾನೇ ಅವರ ಕಿವಿಯಲ್ಲಿ ಹೇಳಿದೆ.

ಮೇಡಂ, “ಆಯ್ತಜ್ಜಿ, ಏಳು,” ಎಂದು ಗಟ್ಟಿಯಾಗಿ ಹೇಳಿ, ಹಾಳೆಗೆ ಅಂಗೈ ಅಡ್ಡ ಹಿಡಿದು ಎಂಟು ಬರೆದರು. ಅಜ್ಜಿಗೆ ಓದಲು ಬರುವುದಿಲ್ಲ ಎಂದು ನಾನು ಹೇಳಲಿಲ್ಲ.