ಹಸಿರು ಚೀಲದ ಮಣ್ಣು, ಮೀನು ತೊಳೆದ ನೀರು

ಕೊಳೆತದ್ದನ್ನು ಹಸಿರು ಚೀಲಕ್ಕೆ ತುಂಬಿ ಮಣ್ಣೆಂದು ಮಾರಿದವರೇ, ಆ ಕೊಳೆತದಿಂದ ಎದ್ದ ನುಸಿಗಳಿಗೆ ಒಬ್ಬ ಹೆಂಗಸಿನ ಅಡುಗೆಮನೆಯನ್ನು ಹೊಣೆ ಮಾಡಿದವರೇ, ನೀವು ತಪ್ಪಿತಸ್ಥರು. ಇದನ್ನು ಮೊದಲ ಸಾಲಿನಲ್ಲಿಯೇ ಹೇಳುತ್ತಿದ್ದೇನೆ. ನಾನು ಇಲ್ಲಿ ನೆನೆಯಹೊರಟಿರುವವರಿಗೆ ಸುತ್ತಿ ಬಳಸಿ ಮಾತನಾಡುವವರನ್ನು ಕಂಡರೆ ಆಗುತ್ತಿರಲಿಲ್ಲ.

ಕಳೆದ ವಾರ ಕುಮಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಅಂಥದೇ ಒಂದು ಚೀಲದ ಬಾಯಿ ಕತ್ತರಿಸಿದೆ. ಮೇಜಿನ ಮೇಲಿಡಲು ಒಂದು ಗಿಡ ತಂದಿದ್ದೆ, ಅದಕ್ಕೆ ಮಣ್ಣು ಬೇಕಿತ್ತು. ಒಳಗಿನಿಂದ ಬಂದ ವಾಸನೆಗೆ ಮುಖ ತಿರುಗಿಸಿದೆ. ಕೊಳೆಯಲು ಹಾಕಿದ ತೆಂಗಿನ ಸಿಪ್ಪೆಯ ಹೊಂಡ, ಮಳೆಯಲ್ಲಿ ನೆನೆದು ಮೂಲೆಯಲ್ಲಿ ಬಿದ್ದ ಗೋಣಿ, ಮೂಗಿಗೆ ಅಡರುವ ಕೋಳಿಗೊಬ್ಬರ, ಮೂರೂ ಕಲೆತ ವಾಸನೆ ಅದು. ಕೈ ಹಾಕಿದರೆ ಬೆಚ್ಚಗೆ, ಒದ್ದೆಯಾಗಿ, ಯಾರದೋ ಬಾಯೊಳಗೆ ಬೆರಳಿಟ್ಟಂತೆ. ಬೆರಳಿನ ಸಂದಿಯಲ್ಲಿ ನೂಲಿನ ಎಳೆಯಂಥದ್ದು ಅಲುಗಿತು. ಒಳಗಿನದೆಲ್ಲ ಕಾಣುವಂಥ ಬಿಳಿಚಿದ ಮೈ, ಚುಕ್ಕಿಯಷ್ಟು ಕಪ್ಪು ತಲೆ. ಚೀಲವನ್ನು ಅಲ್ಲಿಯೇ ಬಿಟ್ಟು ಕೈ ತೊಳೆದೆ, ಮತ್ತೊಮ್ಮೆ ತೊಳೆದೆ. ನಲ್ಲಿಯ ಕೆಳಗೆ ಕೈಯಿಟ್ಟು ನಿಂತಾಗ ಹೊನ್ನಾವರದ ಅಕ್ಕೋರು ನೆನಪಾದರು...

ನಮ್ಮ ಜಿಲ್ಲೆಯಲ್ಲಿ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರು. ನಿವೃತ್ತಿಯಾದ ಮೇಲೂ ಆ ಹೆಸರು ಅವರನ್ನು ಬಿಡುವುದಿಲ್ಲ. ಇವರು ಭಟ್ಕಳದ ಕಡೆಯ ಬೆಳಕೆ ಎಂಬ ಊರಿನವರು, ಸೇವೆಯ ಬಹುಪಾಲು ಕಳೆದದ್ದು ಶಿರಾಲಿಯ ಒಂದು ಪ್ರಾಥಮಿಕ ಶಾಲೆಯಲ್ಲಿ. ಮದುವೆಯಾಗಿರಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆ, ಪೇಟೆ ಹತ್ತಿರವಿರಲೆಂದು ಹೊನ್ನಾವರಕ್ಕೆ ಬಂದು, ಒಂದು ಹೊಸ ಕಟ್ಟಡದ ನೆಲಮಹಡಿಯಲ್ಲಿ ಬಾಡಿಗೆಗಿದ್ದರು. ನಾನು ಆಗಷ್ಟೇ ವಿಶ್ವವಿದ್ಯಾಲಯ ಮುಗಿಸಿ ಅಲ್ಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಅವರ ನೇರ ಮೇಲಿನ ಕೋಣೆ ಹಿಡಿದಿದ್ದೆ. ಅವರು ಸೌಮ್ಯ ಸ್ವಭಾವದವರೇನೂ ಅಲ್ಲ. ನಾನು ಮೆಟ್ಟಿಲಿಳಿಯುವ ಸದ್ದು ಜೋರಾಯಿತೆಂದು ಬೈದವರು, ನನ್ನ ಅಕ್ಷರ ಕಂಡು ಇದನ್ನು ಓದುವ ಮಕ್ಕಳ ಪಾಡೇನೆಂದು ಕೇಳಿದವರು. ಆದರೂ ಸಂಜೆಯ ಚಹಾಕ್ಕೆ ನಾನು ಹೋಗದಿದ್ದರೆ ತಟ್ಟೆ ಬಡಿದು ಕರೆಯುತ್ತಿದ್ದರು.

ಅವರ ಮನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಗಿಡಗಳು. ಅವುಗಳಿಗೊಂದು ಹಿನ್ನೆಲೆಯಿತ್ತು. ನಿವೃತ್ತಿಯ ದಿನ ಶಾಲು, ಹಾರ ಏನೂ ಬೇಡ, ನಿಮ್ಮ ನಿಮ್ಮ ಹಿತ್ತಿಲಿನ ಒಂದೊಂದು ಟೊಂಗೆ ತನ್ನಿ ಎಂದು ಶಾಲೆಯ ಮಕ್ಕಳಿಗೆ ಹೇಳಿದ್ದರಂತೆ. ಬಣ್ಣದೆಲೆಯ ಗಿಡ, ದೊಡ್ಡಪತ್ರೆ, ಲೋಳೆಸರ, ಹೆಸರೇ ಗೊತ್ತಿಲ್ಲದ ಬಳ್ಳಿಗಳು... ಪ್ರತಿಯೊಂದನ್ನೂ ತಂದುಕೊಟ್ಟ ಮಗುವಿನ ಹೆಸರಿನಿಂದಲೇ ಕರೆಯುತ್ತಿದ್ದರು. ಇವನಿಗೆ ಬಿಸಿಲು ಸಾಲುವುದಿಲ್ಲ, ಇವಳು ಹಟಮಾರಿ ಎಂದು ಹಾಜರಿ ಕರೆದಂತೆ ಹೇಳುತ್ತಿದ್ದರು. ಕಟ್ಟಡಕ್ಕೆ ಅಂಗಳವಿರಲಿಲ್ಲ, ಇದ್ದಷ್ಟಕ್ಕೂ ಸಿಮೆಂಟು ಬಳಿದಿತ್ತು. ಹಾಗಾಗಿ ಗಿಡಗಳೆಲ್ಲ ಒಳಗೆ.

ಮೊದಲು ಅವು ಬೆಳಕೆಯ ಕೆಂಪು ಮಣ್ಣಿನಲ್ಲಿದ್ದವು, ಹಳೆಯ ಎಣ್ಣೆ ಡಬ್ಬಿಗಳಲ್ಲಿ. ಆ ಕೆಂಪು ನೀರು ಸೋರಿ ಬಿಳಿ ಟೈಲ್ಸಿಗೆ ಕಲೆಯಾಗುತ್ತದೆಂದು ಮನೆಯ ಮಾಲಕರು ತಕರಾರು ತೆಗೆದರು. ಚೆಂದದ ಕುಂಡ ತನ್ನಿ, ಚೀಲದಲ್ಲಿ ಬರುವ ಸ್ವಚ್ಛ ಮಣ್ಣು ತನ್ನಿ ಎಂದು ಸಲಹೆ ಕೊಟ್ಟವರೂ ಅವರೇ. ಅಕ್ಕೋರು ಗೊಣಗುತ್ತಲೇ ತಂದರು. ಹಸಿರು ಚೀಲ, ಅದರ ಮೇಲೆ ನಗುವ ಹೆಂಗಸೊಬ್ಬಳ ಚಿತ್ರ. ಒಂದೊಂದೇ ಗಿಡವನ್ನು ಬೇರಿಗೆ ನೋವಾಗದಂತೆ ಎತ್ತಿ ಆ ಹೊಸ ಮಣ್ಣಿಗೆ ಇಳಿಸಿದರು. ನೋಡಿದರೆ ಪುಡಿಮಾಡಿದ ತೆಂಗಿನ ನಾರು, ಅರೆಬರೆ ಕೊಳೆತ ಗೊಬ್ಬರ, ಮಣ್ಣೆಂಬುದು ಹೆಸರಿಗಷ್ಟೇ.

ಜೊತೆಗೆ ಅವರದೊಂದು ರೂಢಿಯಿತ್ತು, ಕರಾವಳಿಯಲ್ಲಿ ಮೀನು ತಿನ್ನುವ ಮನೆಗಳಲ್ಲೆಲ್ಲ ಇರುವಂಥದ್ದು. ಬಂಗಡೆ ಮೀನೋ ಶೆಟ್ಲಿಯೆಂಬ ಸಿಗಡಿಯೋ ತೊಳೆದ ನೀರನ್ನು ಚೆಲ್ಲದೆ ಗಿಡದ ಬುಡಕ್ಕೆ ಹಾಕುವುದು. ಅಂಗಳದ ಕರಿಬೇವಿಗೆ ಅದು ಅಮೃತ. ಆದರೆ ಗಾಳಿ ಬೆಳಕಿಲ್ಲದ ಕೋಣೆಯಲ್ಲಿ, ನೀರು ಬಿಡದ ನಾರಿನ ಪುಡಿಯಲ್ಲಿ, ಅದು ಬೇರೆಯೇ ಸಂಗತಿ. ತಮ್ಮ ಹಿತ್ತಿಲಿನ ಪದ್ಧತಿಯನ್ನು ಅವರು ಯೋಚಿಸದೆ ಕೋಣೆಯೊಳಕ್ಕೆ ತಂದಿದ್ದರು. ಅದು ತಪ್ಪೇ. ಮುಂದೆ ಅವರೇ ಅದನ್ನು ಎಲ್ಲರೆದುರು ಒಪ್ಪಿಕೊಂಡರು. ಉಳಿದವರು ಯಾರೂ ತಮ್ಮ ಪಾಲನ್ನು ಒಪ್ಪಿಕೊಳ್ಳಲಿಲ್ಲವೆಂಬುದೇ ನನ್ನ ದೂರು.

ಮಳೆಗಾಲ ಶುರುವಾದ ಮೇಲೆ ನುಸಿ ಎದ್ದವು. ಕಚ್ಚುವ ನುಸಿಯಲ್ಲ. ಕುಂಡದ ಒದ್ದೆಯಲ್ಲಿ ಬೂಸ್ಟು ತಿಂದು ಬೆಳೆಯುವ, ಎಳ್ಳಿಗಿಂತ ಸಣ್ಣ, ಹಾರಲೂ ಸರಿಯಾಗಿ ಬಾರದ ಕಪ್ಪು ನುಸಿ. ಮಾತಾಡಲು ಬಾಯಿ ತೆರೆದರೆ ಒಳಗೆ, ಉಸಿರೆಳೆದರೆ ಮೂಗಿನಲ್ಲಿ, ಕಣ್ಣಿನ ಒದ್ದೆಗೆ ಅಂಟಿ ಸಾಯುವುದು. ಅನ್ನದ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ. ಒಂದು ಸಂಜೆ ನನ್ನ ಲೋಟದಲ್ಲಿ ತೇಲುತ್ತಿದ್ದವನ್ನು ಬೆರಳಿನಿಂದ ತೆಗೆಯುತ್ತಿದ್ದೆ.

"ಎಂತ ತಂಗಿ, ಅದ್ನ ತೆಗ್ದು ಕುಡೀತ್ಯಾ? ಚೆಲ್ಲು" ಎಂದು ಲೋಟ ಕಸಿದುಕೊಂಡರು. ಅವರ ಮುಖದಲ್ಲಿದ್ದ ಹೇಸಿಗೆಯಲ್ಲಿ ಅವಮಾನವೂ ಇತ್ತು.

ಆಮೇಲೆ ನಡೆದದ್ದು ಯುದ್ಧವೇ. ಮೀನಿನ ನೀರನ್ನು ಅಂದೇ ನಿಲ್ಲಿಸಿದರು. ಮೇಲಿನ ಮಣ್ಣು ಬೆರಳಿಗೆ ಒಣಗಿ ತಾಗುವವರೆಗೆ ನೀರೇ ಹಾಕಬಾರದು, ಹಾಕಿದರೂ ಕೆಳಗಿನ ತಟ್ಟೆಗೆ ಹಾಕಿ ಕುಂಡವೇ ಹೀರಿಕೊಳ್ಳುವಂತೆ ಮಾಡಬೇಕು ಎಂದು ನಾನು ಎಲ್ಲೋ ಓದಿ ಹೇಳಿದೆ. ಆದರೆ ಹೊರಗೆ ಒಣಹಾಕಿದ ಬಟ್ಟೆಯೇ ಒಣಗದ ಆಷಾಢದಲ್ಲಿ ಕುಂಡದ ಮಣ್ಣು ಒಣಗುವುದೆಂತು? ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಕಡ್ಡಿಗೆ ಸಿಕ್ಕಿಸಿ ಪ್ರತಿ ಕುಂಡಕ್ಕೂ ನೆಟ್ಟರು. ಬೆಳಿಗ್ಗೆ ನೋಡಿದರೆ ರಟ್ಟು ಕಪ್ಪಾಗಿರುತ್ತಿತ್ತು, ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ಬಟಾಟೆಯ ಹೋಳನ್ನು ಮಣ್ಣಿನ ಮೇಲೆ ಬೋರಲಿಟ್ಟು ಮರುದಿನ ಎತ್ತಿದರೆ ಅದರ ಅಡಿಯಲ್ಲಿ ಆ ಬಿಳಿ ಹುಳಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಅವನ್ನು ಬಿಸಿನೀರಿಗೆ ಎಸೆಯುವುದು ನನ್ನ ಕೆಲಸ. ಬೇವಿನ ಹಿಂಡಿ ಬೆರೆಸಿದರು, ಮೇಲೆ ಒಣಮರಳು ಹಾಸಿದರು. ಹಾರುವುದು ಕಡಿಮೆಯಾಯಿತು, ಆದರೆ ಬುಡದ ಹುಳ ಬೇರು ತಿನ್ನುವುದನ್ನು ಬಿಡಲಿಲ್ಲ. ಗಿಡಗಳು ಒಂದೊಂದಾಗಿ ಹಳದಿಯಾಗಿ ತಲೆ ಬಾಗಿಸಿದವು. ಇವನು ಹೋದ, ಇವಳೂ ಹೋದಳು... ಹೆಸರು ಹೇಳಿ ಎತ್ತಿಡುತ್ತಿದ್ದರು.

ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ, ಆ ಮಣ್ಣನ್ನೇ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಹುರಿಯತೊಡಗಿದರು. ಹುಳವೂ ಮೊಟ್ಟೆಯೂ ಸಾಯಲಿ ಎಂದು. ಉಪಾಯ ತಪ್ಪಲ್ಲ. ಆದರೆ ಹುರಿದ ಕೊಳೆತದ ವಾಸನೆ ಮೆಟ್ಟಿಲೇರಿ ಇಡೀ ಕಟ್ಟಡವನ್ನು ತುಂಬಿತು. ಎರಡನೆಯ ಮಹಡಿಯ ಸಸ್ಯಾಹಾರಿ ಕುಟುಂಬದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದುಬಂದು, ಹಗಲುಹೊತ್ತಿನಲ್ಲೇ ಒಣಮೀನು ಸುಡುತ್ತಾರೆಂದು ಮಾಲಕರಿಗೆ ಫೋನು ಮಾಡಿದರು. ಅಕ್ಕೋರು ಬಾಣಲೆಯನ್ನೇ ಎತ್ತಿ ತೋರಿಸಿದರು. ಆ ಹೆಂಗಸು ಬಾಣಲೆಯ ಕಡೆ ನೋಡಲೇ ಇಲ್ಲ.

ಮಾಲಕರು ಬಂದರು, ಕಟ್ಟಡದವರೆಲ್ಲ ಮೆಟ್ಟಿಲಿನ ಬಳಿ ಸೇರಿದರು. ಆ ಮೀನಿನ ನೀರು ಹಾಕುವುದನ್ನು ಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ನಯವಾಗಿಯೇ ಹೇಳಿದರು.

"ಮನೆ ಒಳಗೆ ಹಾಕಿದ್ದು ನನ್ನ ತಪ್ಪೇಯ. ನಾ ಬಿಟ್ಟು ತಿಂಗಳಾತು ಮಾಲಕ್ರೇ. ನುಸಿ ಬಿಟ್ಟಿಲ್ಲ."

ಮಾಲಕರಿಗೆ ನಗು ಬರಲಿಲ್ಲ. ಗಿಡಗಳನ್ನು ಹೊರಗೆ ಹಾಕಿ, ಇಲ್ಲವಾದರೆ ಮನೆ ಬಿಡಿ ಎಂದು ಹೇಳಿಹೋದರು. ಹೋಗುವಾಗ ಮೆಟ್ಟಿಲಿನ ಬಳಿ ನಿಂತು, ಮೀನು ತಿನ್ನುವವರಿಗೆ ಮನೆ ಕೊಡುವಾಗಲೇ ಯೋಚಿಸಬೇಕಿತ್ತು ಎಂದು ಯಾರಿಗೋ ಹೇಳಿದ್ದು ನನಗೂ ಕೇಳಿಸಿತು, ಬಾಗಿಲ ಹಿಂದಿದ್ದ ಅಕ್ಕೋರಿಗೂ ಕೇಳಿಸಿತು.

ಅಂದಿನಿಂದ ಗಿಡ ಉಳಿಸುವ ಹಂಬಲಕ್ಕಿಂತ ಬೇರೆಯದೊಂದು ಅವರನ್ನು ಹಿಡಿಯಿತು. ಶಾಲೆಯಲ್ಲಿ ಮಕ್ಕಳಿಗೆ ಪ್ರಯೋಗ ತೋರಿಸುವಂತೆ ಎರಡು ಗಾಜಿನ ಬಾಟಲಿ ತೊಳೆದಿಟ್ಟರು. ಒಂದಕ್ಕೆ ಊರಿನಲ್ಲಿದ್ದ ತಮ್ಮ ತಂಗಿಯ ಮನೆಯಿಂದ ತರಿಸಿದ ಬೆಳಕೆಯ ಕೆಂಪು ಮಣ್ಣು, ಅದಕ್ಕೆ ಬೇಕೆಂದೇ ಮೀನಿನ ನೀರು. ಇನ್ನೊಂದಕ್ಕೆ ಆಗಷ್ಟೇ ಬಾಯಿ ಬಿಚ್ಚಿದ ಹೊಸ ಚೀಲದ ಮಣ್ಣು, ಬರಿಯ ಕುದಿಸಿ ಆರಿಸಿದ ನೀರು. ಎರಡರ ಬಾಯಿಗೂ ಹಳೆಯ ಸೀರೆಯ ತುಂಡು ಬಿಗಿದರು. ಕೆಂಪು ಮಣ್ಣಿನ ಬಾಟಲಿ ನಾರಿತು, ಆದರೆ ಅದರೊಳಗೆ ಏನೂ ಹಾರಲಿಲ್ಲ. ಚೀಲದ ಮಣ್ಣಿನ ಬಾಟಲಿಯಲ್ಲಿ ಕೆಲವೇ ದಿನಗಳಲ್ಲಿ ಗಾಜಿನ ಒಳಮೈ ತುಂಬ ನುಸಿ ನಡೆದಾಡಿದವು.

ಆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಗೊಬ್ಬರದ ಅಂಗಡಿಗೆ ಹೋದರು, ನಾನೂ ಜೊತೆಗಿದ್ದೆ. ಅಂಗಡಿಯವನು ಬಾಟಲಿಯನ್ನು ಮುಟ್ಟಲಿಲ್ಲ. "ಮನೇಲಿ ಮೀನ್ ಮಾಡ್ತ್ರಲ್ಲ ಅಕ್ಕೋರೆ? ಮತ್ತೆ ನುಸಿ ಬರ್ದೆ ಪಾತರಗಿತ್ತಿ ಬತ್ತದ್ಯಾ?" ಎಂದ. ಅಲ್ಲಿದ್ದ ಗಿರಾಕಿಗಳು ನಕ್ಕರು.

"ಈ ಬಾಟ್ಲಿಗೆ ನಾ ಮೀನ್ ಉಣಿಸ್ಲಿಲ್ಲ. ಇದು ಬರೀ ನಿನ್ನ ಮಣ್ಣು ತಿಂದದೆ."

ಕಂಪನಿಯನ್ನು ಕೇಳಿ, ನಾವು ತಂದು ಮಾರುವವರಷ್ಟೇ ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ಚೀಲದ ಮೇಲಿದ್ದ ನಂಬರಿಗೆ ನಾನು ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಮಾಲಕರಿಗೆ ಎರಡೂ ಬಾಟಲಿ ತೋರಿಸಿದಾಗ ಅವರು ಎರಡನ್ನೂ ಹೊರಗೆ ಹಾಕಿ ಎಂದರು. ಅವರ ಮುಖದಲ್ಲಿಯೂ ಹೇಸಿಗೆಯಿತ್ತು, ಆದರೆ ಅವರ ಕಣ್ಣು ಬಾಟಲಿಯ ಮೇಲಿರಲಿಲ್ಲ... ಅದನ್ನು ಹಿಡಿದ ಕೈಯ ಮೇಲಿತ್ತು.

ಅಕ್ಕೋರು ಮನೆ ಬಿಟ್ಟರು. ಉಳಿದಿದ್ದ ನಾಲ್ಕಾರು ಕುಂಡಗಳನ್ನು ಟೆಂಪೋಕ್ಕೆ ಏರಿಸಿ ಬೆಳಕೆಯ ತಂಗಿಯ ಮನೆಗೆ ಹೋದರು. ಹೋಗುವ ಮೊದಲು ನೆಲವನ್ನು ಫಿನಾಯಿಲ್ ಹಾಕಿ ತಾವೇ ತಿಕ್ಕಿದರು, ಆ ಮೊಣಕಾಲಿನಲ್ಲಿ. ನಾನು ತಿಕ್ಕುತ್ತೇನೆಂದರೆ ಬಿಡಲಿಲ್ಲ.

ನುಸಿ ಹೋಗಲಿಲ್ಲ. ಮನೆ ಖಾಲಿಯಾದ ಮೇಲೂ ನನ್ನ ಲೋಟಕ್ಕೆ ಬಿದ್ದವು, ಎರಡನೆಯ ಮಹಡಿಯವರ ದೇವರ ದೀಪಕ್ಕೂ ಬಿದ್ದವು. ಆಗ ನಾನು ಮೆಟ್ಟಿಲಿನ ಬುಡದಲ್ಲಿದ್ದ ಸಾಲು ಕುಂಡಗಳ ಮುಂದೆ ಕುಳಿತು ಮಣ್ಣು ಕೆದಕಿದೆ. ಕಟ್ಟಡದ ಅಂದಕ್ಕೆಂದು ಮಾಲಕರೇ ಇಡಿಸಿದ ಕುಂಡಗಳವು, ಅದೇ ಹಸಿರು ಚೀಲದ ಮಣ್ಣು. ಮುಟ್ಟಿದೊಡನೆ ಹೊಗೆಯೆದ್ದಂತೆ ಎದ್ದವು. ಮಾಲಕರನ್ನು ಕರೆದು ತೋರಿಸಿದೆ. ಅಕ್ಕೋರು ಮನೆಯನ್ನು ಸರಿಯಾಗಿ ತೊಳೆದು ಹೋಗಲಿಲ್ಲವೆಂದರು ಅವರು! ನನಗೆ ಆ ಹುಳಗಳಿಗಿಂತ ಆ ಮಾತು ಅಸಹ್ಯವಾಯಿತು. ಆ ತಿಂಗಳೇ ನಾನೂ ಕೋಣೆ ಬಿಟ್ಟೆ.

ಬೆಳಕೆಗೆ ಫೋನು ಮಾಡಿ, ನುಸಿ ನಿಮ್ಮದಲ್ಲ, ಮಾಲಕರ ಕುಂಡದಲ್ಲೇ ಸಿಕ್ಕಿತು ಎಂದೆ. ಅವರಿಗೆ ಸಂತೋಷವಾಗಬಹುದೆಂದುಕೊಂಡಿದ್ದೆ.

"ನೀ ಹೇಳಿದ್ರೆ ಎಂತ ಆತು ತಂಗಿ? ನಂಗೆ ಗೊತ್ತಿದ್ದದ್ದೇಯ. ಅವರ ಬಾಯಲ್ಲಿ ಬರ್ಲಿ."

ಬರಲಿಲ್ಲ. ಕಳೆದ ಮಳೆಗಾಲಕ್ಕೆ ಮೊದಲೇ ಅಕ್ಕೋರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು, ನಾನು ಹೋದಾಗ ಎಲ್ಲ ಮುಗಿದಿತ್ತು. ಅವರ ತಂಗಿ ನನ್ನನ್ನು ಹಿತ್ತಿಲಿಗೆ ಕರೆದೊಯ್ದರು. ಬದುಕಿ ಉಳಿದದ್ದು ಒಂದು ಬಣ್ಣದೆಲೆಯ ಗಿಡ ಮಾತ್ರ. ಕೆಂಪು ಮಣ್ಣಿನಲ್ಲಿ ನನ್ನೆತ್ತರಕ್ಕೆ ನಿಂತಿತ್ತು, ಬುಡದಲ್ಲಿ ಬಂಗಡೆಯ ಪರೆ ಮಿನುಗುತ್ತಿತ್ತು, ಸುತ್ತ ಒಂದು ನುಸಿಯೂ ಇರಲಿಲ್ಲ. ಅದನ್ನು ತಂದುಕೊಟ್ಟ ಮಗುವಿನ ಹೆಸರು ನಿಮಗೆ ಗೊತ್ತೇ ಎಂದು ಕೇಳಿದೆ. ಅಕ್ಕನಿಗೆ ಗೊತ್ತಿತ್ತು ಎಂದರು ಆ ತಂಗಿ.

ಈಗ ನನ್ನ ಕುಮಟೆಯ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿಯಿದೆ, ಬಾಯಿಗೆ ಬಟ್ಟೆ ಬಿಗಿದಿದ್ದೇನೆ. ಕಳೆದ ವಾರದ ಚೀಲದ ಮಣ್ಣು, ಕುದಿಸಿ ಆರಿಸಿದ ನೀರು, ಬೇರೇನೂ ಇಲ್ಲ. ಚೀಲದ ಮೇಲಿನ ಹೆಸರು ಬದಲಾಗಿದೆ, ನಗುವ ಹೆಂಗಸು ಬದಲಾಗಿಲ್ಲ. ಇಂದು ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಮೊದಲ ನುಸಿ ನಡೆಯುತ್ತಿತ್ತು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿಧಿವತ್ತಾದ ಕೋರಿಕೆ ಇದು. ಮಣ್ಣು ತುಂಬಿ ಮಾರುವವರು ಚೀಲದೊಳಗೆ ಏನೇನಿದೆ, ಅದು ಪೂರ್ತಿ ಕಳಿತದ್ದೇ, ಯಾವಾಗ ತುಂಬಿದ್ದು ಎಂಬುದನ್ನು ಅದರ ಮೇಲೆ ಮುದ್ರಿಸಬೇಕು. ಹುಳವಿದ್ದ ಚೀಲವನ್ನು ತರ್ಕ ಮಾಡದೆ ಹಿಂದಕ್ಕೆ ಪಡೆಯಬೇಕು. ಚೀಲದ ಮೇಲಿನ ನಂಬರಿಗೆ ಬಂದ ಕರೆಯನ್ನು ಒಬ್ಬ ಮನುಷ್ಯನಾದರೂ ಎತ್ತಬೇಕು. ಇವನ್ನೆಲ್ಲ ಪರಿಶೀಲಿಸಬೇಕಾದ ಅಧಿಕಾರಿಗಳು ಪರಿಶೀಲಿಸಿದ್ದಾರೆಯೇ ಎಂದು ಲಿಖಿತವಾಗಿ ತಿಳಿಸಬೇಕು. ಕಟ್ಟಡದ ಮಾಲಕರಲ್ಲಿ ಮತ್ತು ಎರಡನೆಯ ಮಹಡಿಯವರಲ್ಲಿ ಕೇಳುವುದು ಇನ್ನೂ ಸಣ್ಣದು. ಬೆಳಕೆಗೆ ಬಸ್ಸಿದೆ. ಹಿತ್ತಿಲಿನ ಆ ಗಿಡದ ಮುಂದೆ ನಿಂತು, ನುಸಿ ಅಕ್ಕೋರ ಅಡುಗೆಮನೆಯಿಂದ ಬಂದದ್ದಲ್ಲವೆಂದು, ಅವರ ತಂಗಿಗೆ ಕೇಳಿಸುವಂತೆ, ನಿಮ್ಮ ಬಾಯಿಂದಲೇ ಹೇಳಬೇಕು. ಅಲ್ಲಿ ಮೀನಿನ ವಾಸನೆ ಇರುತ್ತದೆ. ಮೂಗು ಮುಚ್ಚಿಕೊಳ್ಳದೆ ಹೇಳಬೇಕೆಂದು ವಿನಂತಿ.