ಮೆತ್ತನೆಯ ರಬ್ಬರು

ನನಗೆ ಬಾರದ ದನಿಯಿಲ್ಲ. ಹುಲಸೂರ ಬಸ್ಸಿನ ಕಂಡಕ್ಟರ್ ಮೂಗಿನಿಂದ ಕೂಗುವುದು, ನಮ್ಮ ಕಾಕಿ ಆಡುಗಳಿಗೂ ನನಗೂ ಒಂದೇ ಬೈಗುಳ ಹಂಚುವುದು, ಪಂಚಾಯ್ತಿ ಅಧ್ಯಕ್ಷರು ಮೈಕ್ ಹಿಡಿದ ಕೂಡಲೇ ಗಂಟಲು ದಪ್ಪ ಮಾಡಿಕೊಳ್ಳುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಮೋರಖಂಡಿಯಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ನಕಲಿ’ ಅನ್ನುತ್ತಾರೆ. ನಿನ್ನ ಸ್ವಂತದ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಹುಡುಕಬೇಕು. ಅದು ಸಣ್ಣಗೆ, ಒಡೆದ ಪೀಪಿಯಂತಿದೆ. ಹೆಚ್ಚು ಬಳಸಿಲ್ಲ.

ನಮ್ಮ ಗಾಡಿಯ ದನಿಯೂ ನನಗೆ ಬರುತ್ತದೆ. ನಾಲ್ಕೂ ಗಾಲಿ ಎಳೆಯುವ ಹಳೆಯ ಪಿಕಪ್ ಅದು. ಹುಮನಾಬಾದಿನ ಸಂತೆಗೆ ಆಡು ಸಾಗಿಸಲೆಂದು ಕಾಕಾ ತೆಗೆದುಕೊಂಡಿದ್ದ. ಮಳೆಗಾಲದ ಎರೆಮಣ್ಣಿನಲ್ಲಿ ಬೇರೆಯವರ ಟ್ರ್ಯಾಕ್ಟರುಗಳು ಹೂತು ನಿಂತಾಗ ಕಾಕಾ ಇದರಲ್ಲಿ ಕೂತು, ಮೀಸೆ ಸವರುತ್ತ, ಬೇಕೆಂದೇ ಅವುಗಳ ಪಕ್ಕದಲ್ಲೇ ಹಾದು ಹೋಗುತ್ತಿದ್ದ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ. ನಾನು ಮೊದಲು ನಕಲು ಮಾಡಿದ್ದೂ ಅವನನ್ನೇ, ಆ ಮೀಸೆ ಸವರುವುದನ್ನು, ಮೀಸೆ ಬರುವ ಮೊದಲೇ.

ಕಳೆದ ಬೇಸಿಗೆಯಲ್ಲಿ ಆಡುಗಳಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದ ಕಾಕಾ, ಟೊಂಗೆಯ ಜೊತೆಗೇ ಕೆಳಗೆ ಬಂದ. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ರಾಡು ಹಾಕಿದರು. ಸೊಂಟದ ಕೆಳಗೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮೇಲೆ, ರಾಡು ಇರುವ ಜಾಗದಲ್ಲಿ, ಎಲ್ಲವೂ ಗೊತ್ತಾಗುತ್ತಿತ್ತು. ಮಲಗಿದಲ್ಲೇ ಮಲಗಿ ಹಿಂಭಾಗದಲ್ಲಿ ಹುಣ್ಣಾಯಿತು. ಆಪರೇಷನ್ ಮಾಡಿದ ಡಾಕ್ಟರು ವಾರಕ್ಕೊಮ್ಮೆ ಹುಮನಾಬಾದಿಗೆ ಬರುತ್ತಿದ್ದರು. ಅಲ್ಲಿಗೆ ಒಯ್ದು ತೊಳೆಸಬೇಕು, ಕಟ್ಟಿಸಬೇಕು.

ಹೈವೇ ಹತ್ತಿದ ಮೇಲೆ ತೊಂದರೆಯಿಲ್ಲ. ನಮ್ಮ ಮನೆ ಇರುವುದು ಹೊಲದಲ್ಲಿ. ಡಾಂಬರು ಸಿಗುವ ತನಕ ಗಾಡಿದಾರಿ, ನಡುವೆ ಕಲ್ಲಿನ ಹಳ್ಳ. ಅಂಬುಲೆನ್ಸಿನವರು ಹಳ್ಳದ ಆಚೆ ನಿಂತು ಫೋನ್ ಮಾಡುತ್ತಾರೆ, ಈಚೆ ಬರುವುದಿಲ್ಲ. ಹಾಗಾಗಿ ಪಿಕಪ್ಪಿನ ಹಿಂದೆ ಗಾದಿ ಹಾಸಿ ಕಾಕಾನನ್ನು ಮಲಗಿಸುತ್ತಿದ್ದೆವು. ಹಳ್ಳದಲ್ಲಿ ಗಾಡಿ ಒಮ್ಮೆ ಇಳಿದು ಏಳುವಾಗ ಅಡಿಯಿಂದ ‘ಧಡ್’ ಅಂತ ಒಂದು ಹೊಡೆತ. ಅದರ ಬೆನ್ನಿಗೇ ಕಾಕಾನ ನರಳು.

ಮೂರನೆಯ ಸಲ ಮನೆಗೆ ತಂದು ಮಲಗಿಸಿದಾಗ ಕಾಕಾ ಗೋಡೆಯ ಕಡೆ ಮುಖ ಮಾಡಿದ.

“ಇನ್ನ ನಾ ಬರಂಗಿಲ್ಲ.”

“ಹುಣ್ಣು ಎಲುಬಿಗಿ ಇಳಿದ್ರ ಕಥಿ ಮುಗೀತು ಅಂದಾರ ಡಾಕ್ಟ್ರು. ಕೇಳಿಸ್ತಿಲ್ಲೋ?” ಅಂದೆ.

“ಅವ್ರಿಗಿ ಹೇಳು, ಒಮ್ಮಿ ನಮ್ಮ ಗಾಡ್ಯಾಗ ಮಲ್ಕೊಂಡ ಹಳ್ಳ ದಾಟ್ರಿ ಅಂತ.”

“ಹೇಳ್ತೀನಿ. ಅವ್ರದೇ ದನೀಲೆ ಹೇಳ್ತೀನಿ,” ಅಂದು ಡಾಕ್ಟರಂತೆ ಕೆಮ್ಮಿದೆ. ಕಾಕಾ ಯಾವಾಗಲೂ ನಗುತ್ತಿದ್ದ. ಅಂದು ನಗಲಿಲ್ಲ. ಕಾಕಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಮರುದಿನ ಗಾಡಿ ತೆಗೆದುಕೊಂಡು ಹೈವೇ ಮೇಲಿನ ಗ್ಯಾರೇಜುಗಳ ಸಾಲಿಗೆ ಹೋದೆ. ಕಲ್ಯಾಣದ ಸುತ್ತಿನ ಲಾರಿಗಳೆಲ್ಲ ಅಲ್ಲೇ ಬಿಚ್ಚಿಕೊಂಡು ಬಿದ್ದಿರುತ್ತವೆ. ನಮ್ಮ ಮಿಸ್ತ್ರಿ ದಪ್ಪ ಆಳು. ಯಾವ ಗಾಡಿ ಬಂದರೂ ಮೊದಲು ಅದರ ಮಾಲೀಕನನ್ನು ಬೈದು ಆಮೇಲೆ ಬಾನೆಟ್ ಎತ್ತುತ್ತಾನೆ.

“ಏನು ಆವಾಜ್ ಬರಾಕತ್ತದ, ಬೋಲೋ.”

ಬಾಯಿಂದ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ನನಗೆ ಸುಲಭ. ಇಂಜಿನ್ ಮಾಡಿದೆ, ಗೇರ್ ಇಳಿಸಿದೆ, ಗಾಲಿಯ ಕೆಳಗೆ ಕಲ್ಲು ಸರಿಯುವುದನ್ನು ಮಾಡಿದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಡ್ರೈವರುಗಳು ನಗತೊಡಗಿದರು. ‘ಧಡ್’ ಅಂದೆ. ಅದರ ಹಿಂದೆಯೇ, ನಾನು ಕರೆಯದೆ, ಆ ನರಳು ಹೊರಗೆ ಬಂತು. ಉದ್ದವಾಗಿ, ಕೊನೆಯಲ್ಲಿ ‘ಯವ್ವಾ’ ಅಂತ ಮುರಿದು. ನಗುವವರು ನಿಲ್ಲಿಸಿದರು.

“ಕಡೀದು ಗಾಡೀದಲ್ಲ,” ಅಂದ ಮಿಸ್ತ್ರಿ.

“ಅಲ್ರಿ. ನಮ್ಮ ಕಾಕಾಂದು.”

ಅವನು ನನ್ನನ್ನು ಬೈಯಲಿಲ್ಲ. ಗಾಡಿಯ ಅಡಿಗೆ ತೂರಿ ಕೈ ಸನ್ನೆ ಮಾಡಿ ಕರೆದ. ಹಿಂದಿನ ಗಾಲಿಗಳ ಮೇಲೆ ಪಾಟಾಗಳಿರುತ್ತವೆ, ಒಂದರ ಮೇಲೊಂದು ಜೋಡಿಸಿದ ಬಾಗಿದ ಕಬ್ಬಿಣದ ಪಟ್ಟಿಗಳು. ಗುಂಡಿಗೆ ಬಿದ್ದಾಗ ಅವು ಮಣಿಯುತ್ತವೆ. ಇನ್ನು ಮಣಿಯಲಾಗದು ಎನ್ನುವ ಹೊತ್ತಿಗೆ ಕೆಳಗಿನ ಎಕ್ಸೆಲ್ ಹೋಗಿ ಮೇಲಿನ ಚಾಸಿಗೆ ಬಡಿಯಬಾರದೆಂದು ನಡುವೆ ಒಂದು ರಬ್ಬರಿನ ಮುದ್ದೆ. ಬಂಪ್ ಸ್ಟಾಪರ್. ನಮ್ಮದು ಒಣಗಿ ಕಲ್ಲಾಗಿತ್ತು. ಮಿಸ್ತ್ರಿ ಕೈಯಲ್ಲಿದ್ದ ಕಬ್ಬಿಣದ ಪಾನಾದಿಂದ ಕುಟ್ಟಿದರೆ ಟಣ್ ಅಂದಿತು.

ಅವನು ಕಲ್ಲಿನ ಮೇಲೆ ಮೂರು ಬಗೆ ಇಟ್ಟ. ಕಂಪನಿಯದೇ ಗಟ್ಟಿ ಕರಿ ರಬ್ಬರು. ಬೇರೆ ಗಾಡಿಯಿಂದ ಬಿಚ್ಚಿದ, ಸ್ವಲ್ಪ ಮೆದುವಾದದ್ದು. ಮೂರನೆಯದು ಹಳದಿ ಬಣ್ಣದ್ದು, ಉದ್ದ, ಒಳಗೆ ಬ್ರೆಡ್ಡಿನಂತೆ ತೂತು ತೂತು. ಉಗುರು ಊರಿದರೆ ಒಳಗಿಳಿದು ಮೆಲ್ಲಗೆ ಮೇಲೆ ಬರುತ್ತಿತ್ತು.

ಒಂದೊಂದನ್ನೇ ಹಾಕಿಸಿ ನೋಡಿದೆ. ನಾನು ಹಿಂದೆ ಬರೀ ತಗಡಿನ ಮೇಲೆ ಅಂಗಾತ ಮಲಗುವುದು, ಮಿಸ್ತ್ರಿ ಗ್ಯಾರೇಜಿನ ಹಿಂದಿನ ಗಟಾರು ಹಾಯಿಸುವುದು. ಅವನಿಗೆ ಇದು ಬಹಳ ಸೇರಿತು. ಮೊದಲನೆಯದರಲ್ಲಿ ನನ್ನ ನಾಲಿಗೆ ಹಲ್ಲಿಗೆ ಸಿಕ್ಕು ರಕ್ತ ಬಂತು. “ಛಲೋ ಆತು, ಎರಡು ದಿನ ಊರಿಗಿ ಶಾಂತಿ,” ಅಂದ. ಎರಡನೆಯದರಲ್ಲಿ ತಲೆ ಎತ್ತಿ ಬಿತ್ತು. ಮೂರನೆಯದರಲ್ಲಿ ಹೊಡೆತ ಬರಬೇಕಾದ ಜಾಗದಲ್ಲಿ ಬರಲಿಲ್ಲ. ಅಡಿಯಿಂದ ಯಾರೋ ಅಂಗೈ ಕೊಟ್ಟು ಇಳಿಸಿದಂತಿತ್ತು.

“ಇದೇ ಹಾಕ್ರಿ.”

“ಹಾಕ್ತೀನಿ. ವಜನ್ ಎಷ್ಟು ಹೇರ್ತಿ? ಭಾರಕ್ಕ ಪಾಟಾ ದಬದ್ರ ಇದು ಮದಲೇ ಕುಂತು ಬಿಡ್ತದ. ಕುಂತದ್ದು ಮತ್ತ ಹ್ಯಾಂಗ ಕುಂದ್ರಬೇಕು? ಕಬ್ಬಿಣಕ್ಕ ಕಬ್ಬಿಣ ಬಡೀತದ.”

“ಆಡು ಹೇರಂಗಿಲ್ರಿ. ಕಾಕಾ, ಕಾಕಿ, ನಾನು. ಅಷ್ಟೇ.”

“ಹಂಗಾರ ಕುಛ್ ಫಿಕರ್ ಇಲ್ಲ.”

ಇಬ್ಬರೂ ಆಡುಗಳ ವಿಚಾರ ಮಾಡಿದೆವು. ಮಂದಿಯ ವಿಚಾರ ಇಬ್ಬರಿಗೂ ಬರಲಿಲ್ಲ.

ಕಾಕಾನನ್ನು ಒಪ್ಪಿಸಲು ಮತ್ತೆ ನನ್ನ ನಾಟಕವೆಲ್ಲ ಬೇಕಾಯಿತು. ಕೊನೆಗೆ, “ಈ ಒಂದು ಸಲ. ಬಡೀತಂದ್ರ ನಿನ್ನ ನಾಲಿಗಿ ಕಡೀತೀನಿ,” ಅಂದ. ನಾಲಿಗೆ ಆಗಲೇ ಕಡಿದುಕೊಂಡದ್ದನ್ನು ತೋರಿಸಿದೆ. ಹಳ್ಳ ಬಂತು. ಇಳಿದೆ, ಎದ್ದೆ. ಹಿಂದಿನಿಂದ ಯಾವ ದನಿಯೂ ಇಲ್ಲ. ಹೆದರಿ ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ ಕಾಕಾ ಕಣ್ಣು ತೆರೆದು ಮೋಡ ನೋಡುತ್ತಿದ್ದ. “ಯಾಕ ನಿಂತಿ? ಹಳ್ಳ ಬರೋದು ಇನ್ನಾ ಅದ ಏನು?” ಅಂದ. ಕಾಕಿ ಅತ್ತಳು, ನಂತರ ನನ್ನನ್ನು ಬೈದಳು, ಎರಡೂ ಖುಷಿಗೆ. ಹೈವೇ ಮೇಲಿನ ಹುಡಗಿ ಊರು ಹತ್ತಿರ ಬರುವಷ್ಟರಲ್ಲಿ ಕಾಕಾ ಹುಲಸೂರ ಕಂಡಕ್ಟರನನ್ನು ಮಾಡು ಅಂದ. ಮಾಡಿದೆ. ನಕ್ಕರೆ ಬೆನ್ನು ನೋಯುತ್ತಿತ್ತು. ಆದರೂ ನಕ್ಕ.

ಡಾಕ್ಟರು ಹುಣ್ಣು ನೋಡಿ, ಮುಂದಿನ ವಾರ ಬಂದು ಅಡ್ಮಿಟ್ ಆಗಬೇಕು, ಕೆಟ್ಟ ಮಾಂಸ ಕೆರೆದು ತೆಗೆಯಬೇಕು, ಇನ್ನು ತಡಮಾಡಬಾರದು ಅಂದರು. ಕಾಕಾ ಬರುತ್ತೇನೆಂದು ತಾನೇ ಹೇಳಿದ.

ಅಡ್ಮಿಟ್ ಎಂಬ ಮಾತು ಊರಲ್ಲಿ ಹಬ್ಬಿತು. ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಮಂದಿಯೋ ಮಂದಿ. ನಮ್ಮ ಕಡೆ ಆಸ್ಪತ್ರೆಗೆ ಹೋಗುವವನನ್ನು ಹಾಗೇ ಒಂಟಿಯಾಗಿ ಕಳಿಸುವುದಿಲ್ಲ. ಕಳಿಸಿದರೆ ಆ ಮನೆಗೆ ಯಾರೂ ದಿಕ್ಕಿಲ್ಲವೆಂದಾಗುತ್ತದೆ. ಕಾಕಾನ ತಂಗಿಯರು, ಅವರ ಗಂಡಂದಿರು, ಆಡು ಕಾಯುವ ಜೊತೆಗಾರರು, ಬಾಜು ಹೊಲದ ಮುದುಕಿ, ರೊಟ್ಟಿಯ ಗಂಟು, ನೀರಿನ ಕ್ಯಾನು, ಎಲ್ಲ ಹತ್ತಿದವು. ಕಾಕಿಯೇ ಕರೆಯುತ್ತಿದ್ದಳು, “ಬರ್ರಿ, ಬರ್ರಿ, ಜಾಗಾ ಅದ.” ಬೇಡ ಅನ್ನುವ ಬಾಯಿ ಅವಳಿಗೆ ಎಲ್ಲಿಂದ ಬರಬೇಕು?

ಬಗ್ಗಿ ಅಡಿಗೆ ನೋಡಿದೆ. ಹಳದಿ ರಬ್ಬರು ಆಗಲೇ ಚಪ್ಪಟೆಯಾಗಿತ್ತು.

“ಇಳೀರಿ,” ಅಂದೆ. “ಕಾಕಿ ಬಿಟ್ಟು ಎಲ್ಲಾರೂ ಇಳೀರಿ. ಗಾಡಿ ತಾಳಂಗಿಲ್ಲ.”

ಎಲ್ಲರೂ ಗೊಳ್ಳೆಂದು ನಕ್ಕರು.

“ನೋಡ್ರಿ, ಕಂಡಕ್ಟರ್ ಬಂದ!” ಅಂದ ಒಬ್ಬ ಮಾವ. “ಟಿಕೇಟ್ ಕೊಡೋ ಮದ್ಲ.”

“ಮಾವಾ, ಖರೇನ ಹೇಳಾಕತ್ತೀನಿ.”

“ಯವ್ವಾ, ಈಗಿಂದು ಅಧ್ಯಕ್ಷಂದು ಅಲ್ಲೇನು?” ಅಂದಳು ಮುದುಕಿ. “ಹ್ಯಾಂಗ ಬರೊಬ್ಬರಿ ತಗದಾನ ನೋಡ್ರಿ ದನಿ!”

ಅದು ನನ್ನ ದನಿ. ಅವರು ಮೊದಲು ಕೇಳಿರಲಿಲ್ಲ. ಇನ್ನೊಮ್ಮೆ ಕೂಗಿದೆ, ಪೀಪಿ ಒಡೆಯಿತು, ಇನ್ನಷ್ಟು ನಕ್ಕರು. ಕಾಕಾನೂ ನಗುತ್ತಿದ್ದ. ಹೊತ್ತಾಗುತ್ತದೆ, ಹೊಡಿ ಅಂದ. ಮೆಲ್ಲಗೆ ಹೋದರಾಯಿತು ಅಂದುಕೊಂಡು ಹೊಡೆದೆ.

ಮೆಲ್ಲಗೇ ಹೋದೆ. ಹಳ್ಳದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಹಳೆಯ ಕಲ್ಲುರಬ್ಬರಿನ ‘ಧಡ್’ ಅಲ್ಲ. ಸುತ್ತಿಗೆ ಹೊಡೆದಂತೆ. ಕಾಕಾನದೂ ನರಳು ಅಲ್ಲ, ಚೀರು. ಅದನ್ನು ನಾನು ಇವತ್ತಿಗೂ ಮಾಡಿ ನೋಡಿಲ್ಲ.

ಯಾರೂ ಹೇಳದೆ ಎಲ್ಲರೂ ಇಳಿದರು. ಹಳ್ಳದ ಕಲ್ಲುಗಳ ಮೇಲೆ ಅಲ್ಲಲ್ಲಿ ನಿಂತರು. “ನಾವು ಬಸ್ಸಿಗಿ ಬರ್ತೀವಿ, ನೀ ನಡಿ ತಮ್ಮಾ,” ಅಂದ ಮಾವ, ನನ್ನ ಕಡೆ ನೋಡದೆ.

“ತಿರಗಸು,” ಅಂದ ಕಾಕಾ. ತುಟಿಯಿಂದ ರಕ್ತ ಬರುತ್ತಿತ್ತು.

ಕಾಕಿ ಅವನ ಗದ್ದ ಹಿಡಿದಳು. “ಈಗ ಎಲ್ಲಾರೂ ಇಳದಾರ. ಇನ್ನ ಬಡ್ಯಂಗಿಲ್ಲ. ನಿಮ್ಮ ಪಾದ ಮುಟ್ತೀನಿ.”

“ಮನಿಗಿ ತಿರಗಸ್ತಿಯೋ, ಇಲ್ಲಾ ಇಲ್ಲೇ ಇಳಸ್ತಿಯೋ?”

ತಿರುಗಿಸಿದೆ. ಆಮೇಲೆ ಅವನು ಯಾರ ಮಾತಿಗೂ ಬಗ್ಗಲಿಲ್ಲ, ನನ್ನ ಯಾವ ದನಿಗೂ.

ಕೆಲವು ದಿನಗಳಲ್ಲಿ ಜ್ವರ ಬಂತು. ಎಚ್ಚರ ತಪ್ಪಿದ ಮೇಲೆ ಬರುವುದಿಲ್ಲ ಅನ್ನುವವರು ಯಾರೂ ಉಳಿಯಲಿಲ್ಲ, ಎತ್ತಿ ಹಾಕಿಕೊಂಡೆವು. ಊರಿನವರು ಬಂದಿದ್ದರು. ಗಾಡಿಯಿಂದ ದೂರ, ಗೋಡೆಗೆ ಒರಗಿ ನಿಂತರು. ಕಾಕಿ ಒಬ್ಬಳೇ ಹತ್ತಿದಳು. ಹಳ್ಳ ಯಾವಾಗ ದಾಟಿತೆಂದೇ ತಿಳಿಯಲಿಲ್ಲ, ಅಷ್ಟು ಮೆತ್ತಗೆ ಹೋಯಿತು. ನಾನು ಮಾತ್ರ ಹಿಂದಕ್ಕೆ ಕಿವಿ ಕೊಟ್ಟು, ಒಮ್ಮೆ ನರಳಲಿ, ಒಮ್ಮೆ ನರಳಲಿ ಅಂತ ಹೊಡೆಯುತ್ತಿದ್ದೆ.

ತಡವಾಯಿತು ಅಂದರು. ವಿಷ ರಕ್ತಕ್ಕೆ ಏರಿತ್ತು. ಹುಮನಾಬಾದಿನಲ್ಲೇ ಕಾಕಾ ಹೋದ.

ಸುದ್ದಿ ತಿಳಿದು ಎಲ್ಲರೂ ಬಸ್ಸಿಗೆ ಬಂದರು, ಅದೇ ಮಾವ, ಅದೇ ಮುದುಕಿ, ಅದೇ ಜೊತೆಗಾರರು. ಮರಳುವಾಗ ಎಲ್ಲರೂ ಹೆಣದ ಸುತ್ತ ಹತ್ತಿ ಕೂತರು. ಈಗ ಇಳಿಯಿರಿ ಅನ್ನಲು ನನಗೆ ಕಾರಣವಿರಲಿಲ್ಲ. ಪಾಟಾ ಕೂತವು, ರಬ್ಬರು ಚಪ್ಪಟೆಯಾಯಿತು. ಹೈವೇ ಬಿಟ್ಟು ನಮ್ಮ ದಾರಿಗೆ ಇಳಿದ ಮೇಲೆ ಪ್ರತಿ ಗುಂಡಿಗೂ ಕಬ್ಬಿಣ ಬಡಿಯಿತು.

ಹಳ್ಳದ ಅಂಚಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಕಾಕಿ ಎರಡೂ ಅಂಗೈಗಳನ್ನು ಕಾಕಾನ ತಲೆಯ ಕೆಳಗೆ ಕೊಟ್ಟು, ತೋಳು ಗಟ್ಟಿ ಮಾಡಿ ಕೂತಿದ್ದಳು.

“ಹಳ್ಳ ಬಂತು,” ಅಂದಳು. “ಹಗರಕ ಹೊಡಿ ಮಗಾ.”

ಗೇರು ಇಳಿಸಿದೆ. ಆದಷ್ಟು ಮೆಲ್ಲಗೆ ಇಳಿದೆ.