ಗಾಳಿಯ ಬಾಗಿಲು

ಮಧುಗಿರಿಯ ನಮ್ಮ ಬಟ್ಟೆ ಅಂಗಡಿಗೆ ಎಂಥ ಏಸಿ ಹಾಕಿಸುವುದೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಯಾವುದು ಹಾಕಿಸಿದರೂ ಬಾಗಿಲು ಮುಚ್ಚಿರಬೇಕು ಎಂದರು ಏಸಿಯವರು. ಅಪ್ಪ ಸಿಡಿದರು: "ಹಗಲೊತ್ತು ಅಂಗಡಿ ಬಾಗ್ಲು ಹಾಕೋದಾ? ಬುಡ್ತು ಅನ್ನು!" ನನಗೂ ರೇಗಿತು. "ಹಂಗಾದ್ರೆ ಬೆವರ್ಕೊಂಡೇ ಕೂತ್ಕಳಿ" ಎಂದೆ.

ಕೊನೆಗೆ ಏಸಿಯ ಜೊತೆಗೆ, ಬಾಗಿಲ ಮೇಲಿನಿಂದ ಕೆಳಮುಖವಾಗಿ ಗಾಳಿ ಊದುವ ಉದ್ದನೆಯ ಯಂತ್ರವೊಂದನ್ನು ಕೂರಿಸಿದೆವು. ಮರುದಿನ ಅಪ್ಪ ಗಲ್ಲಾದ ಮುಂದೆ ಊದುಬತ್ತಿ ಹಚ್ಚಿದರು. ಹೊಗೆ ತೇಲುತ್ತಾ ತೆರೆದ ಬಾಗಿಲವರೆಗೆ ಹೋಯಿತು. ಹೊಸ್ತಿಲ ಬಳಿ ಗೋಡೆಗೆ ತಾಗಿದಂತೆ ಮಡಚಿಕೊಂಡು ಒಳಗೇ ತಿರುಗಿ ಬಂತು. ಆಚೆ ಬೀದಿ ಆಗಲೇ ಬಿಸಿಲಿಗೆ ಕಾದಿತ್ತು.

ಅಷ್ಟರಲ್ಲಿ ಬೋಣಿಯ ಗಿರಾಕಿ, ಒಬ್ಬ ಅಜ್ಜಿ, ಸೆರಗು ಹಾರಿಸಿಕೊಂಡು ಒಳಗೆ ಬಂದರು. ಅಪ್ಪ ಪಿಸುಗುಟ್ಟಿದರು: "ಬಾಗ್ಲು ಹಾಕೈತೆ ಕಣ್ಲಾ. ಬರೋರಿಗಲ್ಲ, ಸೆಕೆಗೆ."